ಶೇಖಪ್ಪನ ಕೈಯಲ್ಲಿ ಕುಮುದವ್ವನ ಓಟು

ಅಲ್ಲ, ಅರ್ಧ ಕೇಳಿಕೊಂಡು ಎದ್ದು ಹೋದರೆ ಹೇಗೆ? ಕೂತುಕೋ. ಕುಮುದವ್ವ ಆರ್ಟೀಸಿಯಾದ ಅಂಗಡಿ ಮುಂದೆ ಫೋನು ಹಿಡಿದುಕೊಂಡು ಕೂಗಾಡಿದಳು ಅನ್ನುವುದನ್ನಷ್ಟೇ ಕೇಳಿ ನಗುತ್ತಿದ್ದೀಯ. ಯಾಕೆ ಕೂಗಾಡಿದಳು ಅನ್ನುವುದನ್ನು ಪೂರ್ತಿ ಕೇಳು. ಆಮೇಲೆ ನಗು, ಬೇಡ ಅನ್ನುವುದಿಲ್ಲ.

ಕುಮುದವ್ವನನ್ನು ನೀನು ನೋಡಿದ್ದೀಯ. ಇಲ್ಲಿ ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯ ಪಾರ್ಕಿಗೆ ಸಂಜೆ ಕೊಡೆ ಹಿಡಿದು ಬರುತ್ತಾಳಲ್ಲ, ಅವಳೇ. ಈ ಊರಿನಲ್ಲಿ ಮಳೆ ಬರುವುದು ನೆಂಟರು ಬಂದ ಹಾಗೆ, ವರ್ಷಕ್ಕೆ ಒಂದೆರಡು ಸಲ. ಆದರೂ ಕೊಡೆ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ಇದ್ದವಳಿಗೆ ಕೊಡೆಯಿಲ್ಲದೆ ಹೊಸ್ತಿಲು ದಾಟಿದರೆ ಏನೋ ಮರೆತು ಬಂದ ಹಾಗೆ ಆಗುತ್ತದಂತೆ.

ಹುಟ್ಟಿದ್ದು ಹಾವೇರಿ ಕಡೆ. ಗಂಡ ಈರಯ್ಯನಿಗೆ ಲಂಡನ್ನಿನ ಹತ್ತಿರ ಬಲ್ಬು ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಇವಳೂ ಹೋದಳು. ಹೋದ ಊರಿನ ಹೆಸರು ಎಲ್ಮ್‌ಫೋರ್ಡ್. ಊರು ಅಂದರೆ ಊರೂ ಅಲ್ಲ, ಪೇಟೆಯೂ ಅಲ್ಲ. ಒಂದು ಕಾಲಕ್ಕೆ ಬರೀ ಹುಲ್ಲುಗಾವಲು. ಲಂಡನ್ನಿನ ಗಾಡಿಕುದುರೆಗಳಿಗೆ ಅಲ್ಲಿಂದ ಹುಲ್ಲು ಹೋಗುತ್ತಿತ್ತು. ಆಮೇಲೆ ರೈಲು ಬಂತು, ರೈಲಿನ ಹಿಂದೆ ಮನೆಗಳು ಬಂದವು, ಹುಲ್ಲು ಹೋಯಿತು. ಎಲ್ಲಾ ಒಂದೇ ಅಚ್ಚಿನ ಜೋಡಿಮನೆಗಳು. ನಡುವೆ ಒಂದು ಗೋಡೆ, ಆ ಕಡೆ ಒಂದು ಸಂಸಾರ, ಈ ಕಡೆ ಒಂದು ಸಂಸಾರ. ಅಷ್ಟು ಬಡಾವಣೆಯೆಲ್ಲ ಸೇರಿ ಪಾರ್ಲಿಮೆಂಟಿಗೆ ಒಂದು ಕ್ಷೇತ್ರ.

ಆ ಕ್ಷೇತ್ರದ ಜನ ಮೊದಲಿನಿಂದ ನೀಲಿ ಪಕ್ಷದವರು. ಅಲ್ಲಿ ಪಕ್ಷಗಳನ್ನು ಬಣ್ಣದಿಂದಲೇ ಗುರುತು ಹಿಡಿಯುತ್ತಾರೆ, ನೀಲಿ ಒಂದು, ಕೆಂಪು ಒಂದು, ನಡುವೆ ಹಳದಿ ಅಂತ ಇನ್ನೊಂದು. ಹಿಂದಿನವರು ಬೆಳಿಗ್ಗೆ ಟೀ ಕುಡಿಯುವಷ್ಟೇ ಸಹಜವಾಗಿ ನೀಲಿಗೆ ಹಾಕಿ ಬರುತ್ತಿದ್ದರು. ಆಮೇಲೆ ಆಫ್ರಿಕಾದಿಂದ ಗುಜರಾತಿಗಳು ಬಂದರು, ಪಂಜಾಬಿನವರು ಬಂದರು, ನಮ್ಮವರೂ ನಾಲ್ಕು ಮನೆ ಆದರು. ಊರಿನ ಬಣ್ಣ ಅಲ್ಲಲ್ಲಿ ಮಾಸತೊಡಗಿತು.

ಕುಮುದವ್ವ ಕೆಂಪಾದದ್ದು ಸ್ಕೂಲಿನ ಅಡುಗೆಮನೆಯಿಂದ. ಮಧ್ಯಾಹ್ನ ಮಕ್ಕಳಿಗೆ ಊಟ ಬಡಿಸುವ ಕೆಲಸ ಅವಳದು. ಸರ್ಕಾರದವರು ಆ ಸ್ಕೂಲನ್ನು ಮುಚ್ಚುತ್ತೇವೆ ಅಂದರು. ಕೆಂಪು ಪಕ್ಷದ ಒಬ್ಬಳು ಹೆಂಗಸು ಬಂದು, ಮುಚ್ಚಬಾರದು ಅಂತ ಕಾಗದ ಹಂಚೋಣ ಬಾ ಅಂದಳು. ಇವಳು ಹೋದಳು. ಸ್ಕೂಲು ಉಳಿಯಿತು, ಕಾಗದ ಹಂಚುವ ಚಟವೂ ಉಳಿಯಿತು. ಅಲ್ಲಿನ ಬಾಗಿಲುಗಳಲ್ಲಿ ಕಾಗದ ತೂರಿಸಲು ಒಂದು ಸೀಳು ಇರುತ್ತದೆ. ಕೈ ಹಾಕಿದರೆ ಒಳಗಿನ ನಾಯಿ ಬೆರಳು ಕಚ್ಚುತ್ತದೆ. ಕುಮುದವ್ವ ಅಡುಗೆಮನೆಯ ಮರದ ಸೌಟು ತೆಗೆದುಕೊಂಡು ಹೋಗಿ ಅದರಿಂದ ಒಳಕ್ಕೆ ತಳ್ಳುತ್ತಿದ್ದಳು. ಸೌಟಿನ ತುಂಬ ನಾಯಿ ಹಲ್ಲಿನ ಗುರುತು. ಆ ಸೌಟಿನಲ್ಲಿ ಮತ್ತೆ ಸಾರು ತಿರುವಬೇಡ ಅಂತ ಈರಯ್ಯ ಬೈಯುತ್ತಿದ್ದನಂತೆ.

ಇನ್ನು ಶೇಖಪ್ಪ. ಅವರು ಗದಗಿನವರು, ಅದೇ ಬಲ್ಬಿನ ಕಾರ್ಖಾನೆ, ಅದೇ ಜೋಡಿಮನೆಯ ಇನ್ನೊಂದು ಭಾಗ. ಅವರ ಹೆಂಡತಿ ಪ್ರೇಮವ್ವ. ಶೇಖಪ್ಪ ಕಟ್ಟಾ ನೀಲಿ. ಮುನಿಸಿಪಾಲಿಟಿಯ ಬಾಡಿಗೆ ಮನೆಗಳನ್ನು ಅದರಲ್ಲಿ ಇದ್ದವರೇ ಕೊಂಡುಕೊಳ್ಳಬಹುದು ಅಂತ ನೀಲಿಯವರು ಕಾಯ್ದೆ ಮಾಡಿದರಲ್ಲ, ಆವತ್ತೇ ಮನೆ ಕೊಂಡು, ಬಾಗಿಲಿಗೆ ನೀಲಿ ಬಣ್ಣ ಹೊಡೆಸಿ, ಪಕ್ಷಕ್ಕೆ ಹೆಸರು ಬರೆಸಿದರು. ಈರಯ್ಯನೂ ಅದೇ ಕಾಯ್ದೆಯಲ್ಲಿ ತಮ್ಮ ಭಾಗ ಕೊಂಡ. ಕುಮುದವ್ವ ಬೇಡ ಅನ್ನಲಿಲ್ಲ. ಶೇಖಪ್ಪನಿಗೆ ಜೀವಮಾನಕ್ಕೆ ಸಾಲುವಷ್ಟು ಚುಚ್ಚುಮಾತು ಅಲ್ಲೇ ಸಿಕ್ಕಿಬಿಟ್ಟಿತು.

"ಮನಿ ತಗೊಂಡಿದ್ದು ನಮ್ಮ ಕಾಯ್ದೆದಾಗ, ಓಟು ಆ ಕಡೆ! ಭಾರಿ ಆತು ತಂಗಿ ನಿಂದು."

"ಓದಿದ್ದು ನಾವು ಉಳಿಸಿದ ಸಾಲ್ಯಾಗ, ನಿಮ್ಮ ಮಕ್ಕಳು. ನಾ ಏನರ ಅಂದೀನೇನ್ರಿ ಅಣ್ಣಾರ?"

ಚುನಾವಣೆ ಬಂದರೆ ಅದೇ ಒಂದು ಕಟ್ಟಡದ ಎಡಕಿಟಕಿಯಲ್ಲಿ ಕೆಂಪು ಪೋಸ್ಟರು, ಬಲಕಿಟಕಿಯಲ್ಲಿ ನೀಲಿ ಪೋಸ್ಟರು. ಓಟಿನ ದಿನ ಇಬ್ಬರೂ ಜೊತೆಗೇ ಹೊರಡುವರು. ದಿಬ್ಬ ಹತ್ತಿ ಚರ್ಚಿನ ಹಾಲ್ ಮುಟ್ಟುವವರೆಗೂ ಜಗಳ, ಒಳಗೆ ಹೋಗಿ ಗುರುತು ಹಾಕಿ, ಇಳಿಯುವಾಗ ಮತ್ತೆ ಜಗಳ. ಮನೆಗೆ ಬಂದರೆ ಪ್ರೇಮವ್ವ ಮಿರ್ಚಿ ಭಜಿ ಕರಿದು ಇಟ್ಟಿರುತ್ತಿದ್ದಳು. "ಇಬ್ಬರ ಓಟೂ ಹೊಡದಾಡಿ ಸತ್ತವಿಲ್ಲೋ? ಇನ್ನ ತಿನ್ರಿ," ಅನ್ನುತ್ತಿದ್ದಳಂತೆ. ತೊಂಬತ್ತೇಳರಲ್ಲಿ ಎಲ್ಮ್‌ಫೋರ್ಡ್ ಮೊದಲ ಸಲ ಕೆಂಪಿಗೆ ಬಂತು. ಮರುದಿನ ಉಳಿದ ಭಜಿಯನ್ನು ಶೇಖಪ್ಪ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದರು.

ಈರಯ್ಯ ತೀರಿಕೊಂಡ ಮೇಲೆ ಕುಮುದವ್ವ ಇಲ್ಲಿಗೆ ಬಂದಳು. ಮಗಳು ನಮ್ರತಾಗೆ ಇಲ್ಲೇ ಟೊರ್ರಿ ಪೈನ್ಸ್‌ನಲ್ಲಿ ಲ್ಯಾಬಿನ ಕೆಲಸ, ಮಗು ಹುಟ್ಟುವುದಿತ್ತು. ಅದು ಎರಡು ಸಾವಿರದ ನಾಲ್ಕು. ಆಗಿನ್ನೂ ಬ್ರಿಟನ್ನಿನಲ್ಲಿ ಒಂದು ನಿಯಮ ಇತ್ತು, ದೇಶ ಬಿಟ್ಟು ಹೋದ ಪ್ರಜೆ ಹದಿನೈದು ವರ್ಷದವರೆಗೆ ತನ್ನ ಹಳೇ ಕ್ಷೇತ್ರದಲ್ಲಿ ಓಟು ಹಾಕಬಹುದು, ಆಮೇಲೆ ಇಲ್ಲ. ಹದಿನೈದು ವರ್ಷ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹೋಯಿತು. ಕುಮುದವ್ವನ ಹೆಸರೂ ಹೋಯಿತು.

ಈಗ ನೋಡು ಅವಳ ಪಾಡು. ಭಾರತದ ಪೌರತ್ವ ಬಿಟ್ಟು ಯಾವ ಕಾಲವಾಯಿತೋ, ಅಲ್ಲಿ ಓಟಿಲ್ಲ. ಅಮೆರಿಕದಲ್ಲಿ ಗ್ರೀನ್ ಕಾರ್ಡು ಮಾತ್ರ, ಇಲ್ಲೂ ಇಲ್ಲ. ಬ್ರಿಟನ್ನಿನಲ್ಲಿ ಅವಧಿ ಮುಗಿಯಿತು, ಅಲ್ಲೂ ಇಲ್ಲ. ಸೌಟು ಹಿಡಿದು ಒಂದೊಂದು ಬಾಗಿಲನ್ನೂ ಬಡಿದು ಬಂದವಳಿಗೆ ಭೂಮಿ ಮೇಲೆ ಎಲ್ಲೂ ಒಂದು ಓಟಿಲ್ಲ. ಎರಡು ಸಾವಿರದ ಇಪ್ಪತ್ತರಲ್ಲಿ, ಕೋವಿಡ್ ಗಲಾಟೆಯಲ್ಲಿ, ಇಲ್ಲಿ ಎಲ್ಲರ ಮನೆಗೂ ಓಟಿನ ಚೀಟಿ ಅಂಚೆಯಲ್ಲಿ ಬಂತು. ನಮ್ರತಾಳದು ಊಟದ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿತ್ತು. ಅದರ ಜೊತೆ ಬಂದ ದಪ್ಪ ಪುಸ್ತಕವನ್ನು ಕುಮುದವ್ವ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದಿದಳು. ನೀರಿನ ಬೋರ್ಡಿಗೆ ನಿಂತವರು ಯಾರು ಅನ್ನುವುದೂ ಅವಳಿಗೆ ಗೊತ್ತಿತ್ತು. ಗುರುತು ಹಾಕಿದ್ದು ನಮ್ರತಾ, ಕಾರಿಗೆ ಹತ್ತುವಾಗ, ಸ್ಟೀರಿಂಗ್ ಮೇಲೆ ಚೀಟಿ ಇಟ್ಟುಕೊಂಡು. ಕುಮುದವ್ವ ಕೊಡೆ ತೆಗೆದುಕೊಂಡು ಪಾರ್ಕಿಗೆ ಬಂದಳು.

ಇಪ್ಪತ್ನಾಲ್ಕರಲ್ಲಿ ಆ ಹದಿನೈದು ವರ್ಷದ ನಿಯಮ ಹೋಯಿತು. ಎಷ್ಟು ವರ್ಷವಾಗಿದ್ದರೂ ಸರಿ, ಹಳೇ ವಿಳಾಸದ ಮೇಲೆ ಹೆಸರು ಸೇರಿಸಬಹುದು ಅಂತಾಯಿತು. ಕುಮುದವ್ವ ಅಪ್ಲೈ ಮಾಡಿದಳು, ಹೆಸರು ಬಂತು. ಅಷ್ಟರಲ್ಲೇ ಅಲ್ಲಿ ಚುನಾವಣೆಯೂ ಸಾರಿದರು, ಜುಲೈ ನಾಲ್ಕಕ್ಕೆ. ಅಂಚೆಯಲ್ಲಿ ಚೀಟಿ ತರಿಸಿಕೊಂಡರೆ ಅದು ಇಲ್ಲಿಗೆ ಬಂದು ವಾಪಸು ಹೋಗುವಷ್ಟರಲ್ಲಿ ಎಣಿಕೆ ಮುಗಿದಿರುತ್ತದೆ. ಉಳಿದ ದಾರಿ ಒಂದೇ, ಅಲ್ಲಿರುವ ಯಾರನ್ನಾದರೂ ತನ್ನ ಪರವಾಗಿ ಓಟು ಹಾಕಲು ನೇಮಿಸುವುದು. ಆದರೆ ಹಳೆಯವರಲ್ಲಿ ಕೆಲವರು ಸತ್ತಿದ್ದರು, ಕೆಲವರು ಮನೆ ಮಾರಿ ಹೋಗಿದ್ದರು. ಪ್ರೇಮವ್ವ ಸೊಂಟ ಮುರಿದುಕೊಂಡ ಮೇಲೆ ಹೊರಗೆ ಹೋಗುತ್ತಿರಲಿಲ್ಲ. ತನ್ನ ಓಟನ್ನೇ ಅಂಚೆಯಲ್ಲಿ ಕಳಿಸುತ್ತಿದ್ದಳು, ಯಾರಿಗೆ ಅಂತ ಗಂಡನಿಗೂ ಹೇಳುತ್ತಿರಲಿಲ್ಲ. ಉಳಿದವರು ಶೇಖಪ್ಪ. ಕುಮುದವ್ವ ಅವರಿಗೆ ಫೋನು ಮಾಡಿದಳು.

"ಅಣ್ಣಾರ, ನನ್ನ ಓಟು ನೀವು ಹಾಕಬೇಕ್ರಿ."

ಆ ಕಡೆಯಿಂದ ಒಂದು ಕೆಮ್ಮು. "ಯಾರಿಗೆ?"

"ಯಾರಿಗಂತ ಕೇಳ್ತೀರಲ್ಲ! ಕೆಂಪಿಗೆ."

"ತಂಗಿ, ತಲಿ ನೆಟ್ಟಗೈತಿಲ್ಲೋ ನಿಂದು? ನನ್ನ ಕೈಲೆ ಕೆಂಪಿಗೆ ಹಾಕಸ್ತಿ?"

"ಆ ಓಣ್ಯಾಗ ನನಗ ಬ್ಯಾರೆ ಯಾರ ಅದಾರ್ರಿ?"

ಮತ್ತೆ ಕೆಮ್ಮು. ಹಿಂದಿನಿಂದ ಪ್ರೇಮವ್ವನ ದನಿ ಕೇಳಿತು, "ಹೂಂ ಅನ್ರಿ ಸುಮ್ನ. ಪಾಪ, ಹೆಣ್ಣಮಗಳು ಅಷ್ಟು ದೂರದಿಂದ ಕೇಳಾಕತ್ತಾಳ."

"ಆಗ್ಲಿ," ಅಂದರು ಶೇಖಪ್ಪ. "ಆದ್ರ ಒಂದು ಮಾತು. ಒಳಗ ಹೋಗಿ ನಾ ಏನು ಮಾಡಿದೆ ಅಂತ ನೀ ಮುಂದ ಎಂದೂ ನನ್ನ ಕೇಳಂಗಿಲ್ಲ."

"ಕೇಳೂದಿಲ್ಲ."

ನಮ್ರತಾ ತಲೆ ಚಚ್ಚಿಕೊಂಡಳು. "ಅವ್ವಾ, ಶೇಖಪ್ಪ ಅಂಕಲ್ ರೆಡ್‌ಗೆ ಹಾಕ್ತಾರಾ? ಸೀರಿಯಸ್ಲಿ? ಎರಡೂ ಬ್ಲೂಗೇ ಹಾಕಿ ಬರ್ತಾರ ನೋಡು."

ಕುಮುದವ್ವ ಫಾರಂ ತುಂಬಿ ಕಳಿಸಿದಳು. ಅವಳಿಗೂ ಒಳಗೆ ಅದೇ ಅನುಮಾನ ಇತ್ತು. ನೇಮಿಸಿದ ಮೇಲೆ ಓಟು ಅವರ ಕೈಯಲ್ಲಿ. ಪರದೆಯ ಹಿಂದೆ ಅವರು ಏನು ಮಾಡಿದರೂ ಕೇಳುವವರಿಲ್ಲ. ಹಾಗೆ ನೋಡಿದರೆ ಆ ಮನುಷ್ಯನನ್ನು ಅವಳು ನಂಬದೇ ಇರುವುದಕ್ಕೆ ಒಂದೇ ಕಾರಣ, ಅವರ ಪಕ್ಷ. ಊರಿಗೆ ಹೋಗುವಾಗ ಮನೆ ಬೀಗದ ಕೈ ಕೊಟ್ಟು ಹೋಗುತ್ತಿದ್ದದ್ದು ಅವರಿಗೇ ತಾನೇ?

ಜುಲೈ ನಾಲ್ಕು ಇಲ್ಲಿ ಬ್ರಿಟಿಷರಿಂದ ಬಿಡಿಸಿಕೊಂಡ ಸ್ವಾತಂತ್ರ್ಯ ದಿನ. ಸಂಜೆ ನಮ್ರತಾಳ ಮನೆಗೆ ಜನ ಬರುವವರಿದ್ದರು. ಸಿಹಿ, ತರಕಾರಿ, ಜೋಳದ ಹಿಟ್ಟು ತರಲು ತಾಯಿ, ಮಗಳು, ಮೊಮ್ಮಗಳು ರಕ್ಷಿತಾ, ಮೂವರೂ ನಮ್ಮವರ ಅಂಗಡಿಗಳೇ ತುಂಬಿರುವ ಆರ್ಟೀಸಿಯಾಕ್ಕೆ ಹೊರಟರು. ಜೋಳದ ಹಿಟ್ಟು ಸ್ಯಾನ್ ಡಿಯಾಗೋದಲ್ಲಿ ಸಿಗುವುದಿಲ್ಲವೆಂದಲ್ಲ. ಇಲ್ಲಿಯದು ಹಳೆಯದು, ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ಹಬ್ಬದ ಟ್ರಾಫಿಕ್ಕು, ಕಾರು ಇಂಚಿಂಚಾಗಿ ಹೋಗುತ್ತಿತ್ತು. ಕುಮುದವ್ವ ಫೋನನ್ನು ಮಡಿಲಿನಲ್ಲಿಟ್ಟುಕೊಂಡು ನಿಮಿಷಕ್ಕೊಮ್ಮೆ ನೋಡುತ್ತಿದ್ದಳು.

ರಕ್ಷಿತಾ ಹಿಂದಿನ ಸೀಟಿನಿಂದ, "ಅಜ್ಜಿ, ಇಟ್ಸ್ ಫೋರ್ತ್ ಆಫ್ ಜುಲೈ. ವೀ ಲೆಫ್ಟ್ ದೆಮ್, ರಿಮೆಂಬರ್?" ಅಂದಳು.

"ನೀವು ಬಿಟ್ರಿ ಪುಟ್ಟಿ. ನಾ ಬಿಟ್ಟಿಲ್ಲ."

ಅಲ್ಲಿನ ಪಯೋನಿಯರ್ ಬೊಲೆವಾರ್ಡ್ ರಸ್ತೆಯಲ್ಲಿ ಪಾರ್ಕಿಂಗ್ ಹುಡುಕುತ್ತಾ ಮೂರನೇ ಸುತ್ತು ಹೊಡೆಯುವಾಗ ಫೋನು ಬಂತು. ಇಲ್ಲಿ ಮಧ್ಯಾಹ್ನದ ಊಟದ ಹೊತ್ತು. ಅಲ್ಲಿ ಸಂಜೆ ಕಳೆಯುತ್ತಿತ್ತು, ಹತ್ತು ಗಂಟೆಗೆ ಮತಗಟ್ಟೆಯ ಬಾಗಿಲು ಹಾಕುತ್ತಾರೆ. ಕುಮುದವ್ವ ಚಲಿಸುವ ಕಾರಿನಿಂದ ಇಳಿಯುವುದೊಂದು ಬಾಕಿ. ನಮ್ರತಾ ಬೈದುಕೊಂಡು ಸೀರೆ ಅಂಗಡಿಯೊಂದರ ಮುಂದೆ ಅಜ್ಜಿ ಮೊಮ್ಮಗಳಿಬ್ಬರನ್ನೂ ಇಳಿಸಿದಳು.

"ತಂಗಿ, ಕೆಲಸ ಕೆಟ್ಟತಿ," ಅಂದರು ಶೇಖಪ್ಪ. "ನನ್ನ ಹೊಳ್ಳಿ ಕಳಿಸಿದ್ರು."

ಆಗಿದ್ದು ಇಷ್ಟು. ಈಗ ಅಲ್ಲಿ ಓಟು ಹಾಕಲು ಫೋಟೋ ಇರುವ ಗುರುತು ತೋರಿಸಬೇಕು. ಶೇಖಪ್ಪನ ಬ್ರಿಟಿಷ್ ಪಾಸ್‌ಪೋರ್ಟು ಹೊಸದು. ಹಳೆಯದು ಕೆಂಪಗಿತ್ತು, ಹೊಸದನ್ನು ಸರ್ಕಾರ ನೀಲಿ ಮಾಡಿತ್ತು. ಅದು ಬಂದಾಗ ಓಣಿಯವರಿಗೆಲ್ಲ ತೋರಿಸಿಕೊಂಡು ಬಂದಿದ್ದರು. ಅದರ ಜೊತೆಗೇ ಬೀರುವಿನಲ್ಲಿ ಇನ್ನೊಂದು ನೀಲಿ ಪುಸ್ತಕ ಇತ್ತು, ಓಸಿಐ, ನಮ್ಮಂಥವರಿಗೆ ಭಾರತಕ್ಕೆ ಹೋಗಿಬರಲು ಕೊಡುತ್ತಾರಲ್ಲ, ಅದು. ನಿಮ್ಮಮ್ಮನೂ ಎರಡನ್ನೂ ಒಂದೇ ಕವರಿನಲ್ಲಿ ಇಟ್ಟಿದ್ದಾಳೆ, ನಾನು ನೋಡಿದ್ದೇನೆ. ಶೇಖಪ್ಪ ಚುನಾವಣೆಗೆಂದೇ ಇಟ್ಟಿದ್ದ ಕೋಟು ಹಾಕಿ, ಟೈ ಕಟ್ಟಿ, ನೀಲಿ ಪುಸ್ತಕ ಜೇಬಿಗಿಳಿಸಿ, ದಿಬ್ಬ ಹತ್ತಿ ಹೋಗಿದ್ದಾರೆ. ತೆಗೆದು ಕೊಟ್ಟರೆ ಅದರ ಮೇಲೆ ನಮ್ಮ ಸಿಂಹಗಳು! ಇದು ನಡೆಯುವುದಿಲ್ಲ ಸರ್ ಅಂದರಂತೆ. ಬಸ್ ಪಾಸು ತೋರಿಸಿದ್ದರೂ ಆಗುತ್ತಿತ್ತು. ಅದು ದಿನಾ ಹಾಕುವ ಕೋಟಿನಲ್ಲಿತ್ತು.

"ಕನ್ನಡಕ ಹಾಕ್ಕೊಂಡು ನೋಡ್ರಿ ಅಂದಿದ್ನಿ," ಅಂತ ಹಿಂದಿನಿಂದ ಪ್ರೇಮವ್ವ.

"ನೀ ಸುಮ್ನಿರ. ತಂಗಿ, ಮನಿಗೆ ಬಂದು ಕುಂತೀನಿ. ಮೊಳಕಾಲು ಬಾತೈತಿ. ಮತ್ತ ಆ ದಿಬ್ಬ ಹತ್ತಾಕ ಆಗೂದಿಲ್ಲ. ಇಚಾರ ಮಾಡಿ ನೋಡು. ನಾ ಹೋದ್ರ ನಂದೊಂದು ನೀಲಿ, ನಿಂದೊಂದು ಕೆಂಪು, ಎರಡೂ ಕೂಡಿ ಸೊನ್ನಿ. ಹೋಗಲಿಲ್ಲಂದ್ರೂ ಸೊನ್ನಿ. ಮತ್ಯಾಕ ಮೊಳಕಾಲು ಕೆಡಸ್ಕೋಬೇಕು?"

ಲೆಕ್ಕ ತಪ್ಪಿರಲಿಲ್ಲ. ಕುಮುದವ್ವ ಬಿಸಿಲಿನಲ್ಲಿ ಕೊಡೆ ಬಿಚ್ಚಿಕೊಂಡು ನಿಂತಳು. ಪಕ್ಕದಲ್ಲಿ ಯಾರೋ ಜಿಲೇಬಿ ಪೊಟ್ಟಣ ಹಿಡಿದು ಹೋಗುತ್ತಿದ್ದರು, ಕಾರುಗಳು ಹಾರ್ನ್ ಹೊಡೆಯುತ್ತಿದ್ದವು.

"ಅಣ್ಣಾರ, ಐದು ವರ್ಷದಿಂದ ನನ್ನ ಓಟು ಸೊನ್ನಿನ ಐತ್ರಿ. ಅದು ಹಾಕದ ಸೊನ್ನಿ. ಇವತ್ತ ಹಾಕಿ ಸೊನ್ನಿ ಆಗ್ಲಿ."

"ಮೊಳಕಾಲು ನಿಂದಲ್ಲ ತಂಗಿ, ನಂದು."

"ಕಾರು ಕಳಸ್ತೀನಿ, ಕುಂತಿರ್ರಿ."

"ಅಮೇರಿಕಾದಿಂದ?"

"ಹೂಂ. ಅಮೇರಿಕಾದಿಂದ. ಪಾಸ್‌ಪೋರ್ಟ್ ತಗೀರಿ. ಪ್ರೇಮವ್ವನ ಕೈಲೆ ತೋರಿಸ್ಕೋರಿ."

ಅಲ್ಲಿನ ಪಕ್ಷದವರಿಗೆ ಒಂದು ರೂಢಿ ಇದೆ. ಓಟಿನ ದಿನ ಸಂಜೆ, ನಡೆಯಲಾಗದ ತಮ್ಮ ಬೆಂಬಲಿಗರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬಿಡುತ್ತಾರೆ. ಕುಮುದವ್ವನೇ ಎಷ್ಟೋ ಚುನಾವಣೆಯಲ್ಲಿ ಕೆಂಪು ಪಕ್ಷದ ಆಫೀಸಿನ ಫೋನಿನ ಪಕ್ಕ ಕೂತು ಆ ಕಾರುಗಳನ್ನು ಕಳಿಸಿದವಳು. ನಂಬರು ನಾಲಿಗೆ ಮೇಲೆಯೇ ಇತ್ತು, ಒತ್ತಿದಳು. ಫೋನು ತೆಗೆದವಳು ವೈಷ್ಣವಿ ಅನ್ನುವ ಹುಡುಗಿ. ಮಾತು ನಡೆದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಕುಮುದವ್ವ ಮುಚ್ಚುಮರೆ ಮಾಡಲಿಲ್ಲ. ಇಂಥಾ ಮನೆ, ಇಂಥವರು, ಎರಡು ಓಟು ಅಂದಳು.

"ಎರಡೂ ನಮ್ಮವೇ ತಾನೇ?" ಅಂತ ವೈಷ್ಣವಿ.

"ಒಂದು ನಮ್ಮದು. ಇನ್ನೊಂದು ಅವರದು."

"ಮೇಡಂ, ಹಾಗಾದರೆ ನಮಗೆ ಬಂದದ್ದೇನು? ನಾನು ಕಳಿಸಬೇಕಾದ ಮನೆ ಇನ್ನೂ ಸಾಕಷ್ಟಿವೆ. ಕಾರಿರೋದು ಎರಡು."

ಇಲ್ಲೇ ಕೂಗಾಡಿದ್ದು. ನೀನು ಕೇಳಿದ ಕೂಗಾಟ ಇದೇ. "ನೀನು ಹುಟ್ಟೋ ಮೊದಲು ಅದೇ ಕುರ್ಚೀಲಿ ಕೂತಿದ್ದವಳು ನಾನು! ನನ್ನ ಓಟಿಗೆ ಬೇರೆ ಕಾಲಿಲ್ಲ ತಾಯಿ, ಅವರ ಕಾಲೇ ಗತಿ. ನನ್ನದು ಬರಬೇಕು ಅಂದರೆ ಅವರದನ್ನೂ ಹೊತ್ತುಕೊಂಡು ಬಾ!" ಸೀರೆ ಅಂಗಡಿಯವನು ಹೊರಗೆ ಬಂದು ನೋಡಿದ. ರಕ್ಷಿತಾ "ಓ ಮೈ ಗಾಡ್" ಅಂತ ಮುಖ ಮುಚ್ಚಿಕೊಂಡಳು.

ವೈಷ್ಣವಿ ಮನೆ ನಂಬರು ಇನ್ನೊಮ್ಮೆ ಹೇಳಿ ಅಂದಳು.

ಮೂವರೂ ಅಂಗಡಿ ಸುತ್ತಿದರು. ಕುಮುದವ್ವ ಜೋಳದ ಹಿಟ್ಟಿನ ಪಕ್ಕ ಇದ್ದ ಸಜ್ಜೆ ಹಿಟ್ಟನ್ನು ಬುಟ್ಟಿಗೆ ಹಾಕಿಕೊಂಡಳು, ನಮ್ರತಾ ಅದನ್ನು ತೆಗೆದಿಟ್ಟು ಜೋಳದ್ದು ಹಾಕಿದಳು. ದುಡ್ಡು ಕೊಡುವ ಸಾಲಿನಲ್ಲಿ ನಿಂತಾಗ ಮತ್ತೆ ಫೋನು.

"ಏನು ಮಾನ ಕಳದಿ ತಂಗಿ!" ಶೇಖಪ್ಪನ ದನಿ ಏರಿತ್ತು. "ಕಾರಿನ ತುಂಬ ಕೆಂಪು ಬಲೂನು! ನಾ ಒಳಗ ಕುಂದ್ರೂದಿಲ್ಲ ಅಂದೆ. ಕಾರು ಹೊಡಿಯಾಂವ ಪಾಪ ಬಿಚ್ಚಿ ಡಿಕ್ಕಿಗೆ ತುಂಬಿದ. ತಲಿ ಬಗ್ಗಿಸಿಕೊಂಡು ಹೋಗಿ ಬಂದೆ. ದಿಬ್ಬದ ಮ್ಯಾಲಿನ ಮನಿ ವಿಜಯ ನೋಡಿಬಿಟ್ಟ. ನಾಳಿಂದ ಓಣ್ಯಾಗ ನನಗ ಮಾರಿ ಇಲ್ಲ."

"ಹಾಕಿದ್ರೇನ್ರಿ?" ಅನ್ನಲು ಬಾಯಿ ತೆರೆದವಳು ಕುಮುದವ್ವ, ಹಾಗೇ ನುಂಗಿಕೊಂಡಳು. ಕೇಳುವುದಿಲ್ಲ ಅಂದಿದ್ದಳಲ್ಲ. "ಮೊಳಕಾಲು ಹೆಂಗೈತ್ರಿ?" ಅಂದಳು.

"ಮೊಳಕಾಲು ಇರ್ಲಿ. ಆ ನಿಮ್ಮ ಕ್ಯಾಂಡಿಡೇಟನ ಹೆಸರು ಎಲ್ಲಿ ಬರದಾರಂತ ಹುಡುಕೂದ್ರಾಗ ಸಾಕಾತು ನನಗ. ನಲವತ್ತು ವರ್ಷ ಆ ಕಡೆ ಕಣ್ಣು ಹಾಯಿಸಿದ್ದಿಲ್ಲ ನಾ. ನಿಂದ ಮೊದಲು ಮುಗಿಸಿದೆ. ನಂದು ಮೊದಲು ಹಾಕಿದ್ರ ಕೈ ಮತ್ತ ಏಳ್ತಿದ್ದಿಲ್ಲ."

 ಸಾಲು ಮುಂದೆ ಸರಿಯಿತು, ಹಿಂದಿನವರು ಕುಮುದವ್ವನನ್ನು ದಾಟಿಕೊಂಡು ಹೋದರು.

"ಪ್ರೇಮವ್ವ ಭಜಿ ಮಾಡ್ಯಾಳೇನ್ರಿ?" ಅಂದಳು ಕೊನೆಗೆ.

"ಸೊಂಟ ಹಿಡಕೊಂಡು ಕರಿಯಾಕತ್ತಾಳ. ಬ್ಯಾಡ ಅಂದ್ರ ಕೇಳೂದಿಲ್ಲ."

ಇಲ್ಲಿ ಸಂಜೆ ಪಟಾಕಿ ನೋಡಲು ಎಲ್ಲರೂ ಕುರ್ಚಿ ಹೊರಗೆ ಹಾಕುತ್ತಿದ್ದಾಗ ಎಲ್ಮ್‌ಫೋರ್ಡಿನ ಫಲಿತಾಂಶ ಬಂತು. ದೇಶದ ತುಂಬ ಕೆಂಪು. ಎಲ್ಮ್‌ಫೋರ್ಡ್ ಮಾತ್ರ, ಸ್ವಲ್ಪದರಲ್ಲಿ, ನೀಲಿ. ಶೇಖಪ್ಪ ಮಲಗದೆ ಕಾದಿದ್ದರು. ಫೋನು ಮಾಡಿ, "ದೇಶ ನಿಮ್ದು, ಊರು ನಮ್ದು," ಅಂತ ಅಷ್ಟೇ ಹೇಳಿ ಇಟ್ಟರು. ಆ ಒಂದು ಓಟಿನಿಂದ ಏನೂ ಬದಲಾಗಲಿಲ್ಲ, ಅವರು ಹೇಳಿದ ಲೆಕ್ಕವೇ ಸರಿ. ನಮ್ರತಾ ಅದನ್ನೇ ಅಂದಳು. ಕುಮುದವ್ವ, "ಹೌದು, ಸೊನ್ನಿನ," ಅಂದು, ರೊಟ್ಟಿ ಬಡಿಯಲು ಒಳಗೆ ಹೋದಳು. ಮುಂದಿನ ಚುನಾವಣೆಗೂ ಅವರನ್ನೇ ನೇಮಿಸುತ್ತಾಳಂತೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಬರುವ ತಿಂಗಳು ನೀನು ಲಂಡನ್ನಿಗೆ ಹೋಗುತ್ತೀಯಲ್ಲ, ಎಲ್ಮ್‌ಫೋರ್ಡಿಗೆ ಅಲ್ಲಿಂದ ರೈಲಿದೆ. ಕುಮುದವ್ವ ಅಗಸೆ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಅದನ್ನು ಪ್ರೇಮವ್ವನ ಕೈಗೇ ಕೊಡು. ಆಮೇಲೆ ಶೇಖಪ್ಪನವರ ಬೀರು ತೆರೆಸಿ, ಬ್ರಿಟಿಷ್ ಪಾಸ್‌ಪೋರ್ಟು ಯಾವುದು ಅಂತ ನೀನೇ ಓದಿ ನೋಡಿ, ಅದಕ್ಕೆ ಒಂದು ರಬ್ಬರ್ ಬ್ಯಾಂಡು ಹಾಕಿ ಬಾ. ಕೆಂಪು ಹಾಕಿದರೆ ಅವರು ಕಿತ್ತು ಎಸೆಯುತ್ತಾರೆ, ನೀಲಿ ಹಾಕಿದರೆ ಕುಮುದವ್ವ ನನ್ನನ್ನು ಬಿಡುವುದಿಲ್ಲ. ಬಿಳಿಯದು ನೋಡಿ ತೆಗೆದುಕೊಂಡು ಹೋಗು. ಆ ಡ್ರಾಯರಿನಲ್ಲಿ ಇರಬೇಕು, ನೋಡು.